ಅಗಲಿದವರ ಪುಟದಲ್ಲಿ ಎಲ್ಲರೂ ಒಂದೇ ತರಹ ಕಾಣುತ್ತಿದ್ದಾರೆ, ಏನು ಮಾಡುವುದು?

ಓದುಕೋಣೆ_ಕೊಪ್ಪಳ ಕೇಳಿದ ಪ್ರಶ್ನೆ:

ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಾವು ಹದಿನೈದು ಮಂದಿ ಸೇರಿ ಓದುಗರ ಬಳಗವೊಂದನ್ನು ನಡೆಸಿಕೊಂಡು ಬಂದಿದ್ದೇವೆ. ಎರಡು ವರ್ಷಕ್ಕೊಮ್ಮೆ ಒಂದು ಸಂಚಿಕೆಯನ್ನು ಅಚ್ಚು ಹಾಕಿಸಿ ಊರಿನ ಮನೆಮನೆಗೂ ಹಂಚುತ್ತೇವೆ. ಅದರ ಕೊನೆಯಲ್ಲಿ ‘ಅಗಲಿದವರು’ ಎಂಬ ವಿಭಾಗವಿರುತ್ತದೆ. ನಾಡಿನ ಹೆಸರಾಂತರು ಅದರ ಮೊದಲ ಪುಟಗಳಲ್ಲಿ ಭಾವಚಿತ್ರ ಸಮೇತ ಬರುತ್ತಾರೆ. ನಮ್ಮೂರಿನಲ್ಲಿ ತೀರಿಕೊಂಡವರು ಕಡೆಯ ಪುಟದಲ್ಲಿ ಬರುತ್ತಾರೆ, ಹೆಸರು ಮತ್ತು ತಾರೀಖು ಮಾತ್ರ. ಇಷ್ಟು ವರ್ಷ ಇದನ್ನು ಯಾರೂ ಪ್ರಶ್ನಿಸಿರಲಿಲ್ಲ, ನಾವೂ ಯೋಚಿಸಿರಲಿಲ್ಲ.

ಕಳೆದ ಸಂಚಿಕೆ ಬಂದಾಗ ಎರಡು ಸಂಗತಿಗಳು ನಡೆದವು. ಬಳಗದ ಹಿರಿಯರೊಬ್ಬರು, ನಿವೃತ್ತ ಶಿಕ್ಷಕರು, ಆ ಪುಟಗಳನ್ನು ಮುಂದಿಟ್ಟುಕೊಂಡು, ಒಂದೊಂದು ಹೆಸರಿನ ಮೇಲೂ ಬೆಂಕಿಪೊಟ್ಟಣವನ್ನಿಟ್ಟು ಮುಚ್ಚಿ, ಕೆಳಗಿನ ಸಾಲುಗಳನ್ನು ಗಟ್ಟಿಯಾಗಿ ಓದುತ್ತ ಹೋದರು. ಯಾವುದು ಗಾಯಕರದು, ಯಾವುದು ಮಾಜಿ ಸಚಿವರದು, ಯಾವುದು ಕವಿಯದು ಎಂದು ನಮ್ಮಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲ. ಎಲ್ಲರೂ ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳು, ಎಲ್ಲರ ಅಗಲಿಕೆಯಿಂದಲೂ ನಾಡು ಬಡವಾಗಿತ್ತು, ಎಲ್ಲರದೂ ತುಂಬಲಾರದ ನಷ್ಟ. ಹನ್ನೊಂದು ಟಿಪ್ಪಣಿಗಳಲ್ಲಿ ಒಂಬತ್ತನ್ನು ಬರೆದವನು ನಾನೇ.

ಎರಡನೆಯದು ಇನ್ನೂ ಕಷ್ಟದ್ದು. ನಮ್ಮೂರಿನಲ್ಲಿ ನಲವತ್ತು ವರ್ಷ ಹಲಗೆ ಬಾರಿಸಿದ ಹಿರಿಯರೊಬ್ಬರು ಆ ಅವಧಿಯಲ್ಲಿ ತೀರಿಕೊಂಡಿದ್ದರು. ಊರಿನ ಜಾತ್ರೆ, ಮೊಹರಮ್ಮಿನ ಅಲಾಯಿ ಕುಣಿತ, ಮದುವೆ, ಕಡೆಗೆ ಊರವರ ಶವಯಾತ್ರೆ, ಯಾವುದೂ ಅವರ ಕೈ ಇಲ್ಲದೆ ಸಾಗಿರಲಿಲ್ಲ. ಅವರ ಮಗಳು ಸಂಚಿಕೆಯನ್ನು ತಿರುವಿ ನೋಡಿ, ‘ಅಪ್ಪನ ಹೆಸರಿನ ಮುಂದೆ ತಾರೀಖು ಬಿಟ್ಟು ಬೇರೇನೂ ಇಲ್ಲವೇ?’ ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ಪುಟ ಎಲ್ಲಾದರೂ ತಪ್ಪಿಹೋಗಿದೆಯೇನೋ ಎಂಬ ಅನುಮಾನದಿಂದ ಕೇಳಿದ್ದು.

ಈಗ 2024 ಮತ್ತು 2025ರ ಸಂಚಿಕೆಯ ಕೆಲಸ ಆರಂಭವಾಗಿದೆ. ಪಟ್ಟಿ ದೊಡ್ಡದಿದೆ. ಸರೋದ್ ವಾದಕ ರಾಜೀವ ತಾರಾನಾಥ, ಅಪರ್ಣಾ, ಎಸ್‌.ಎಂ. ಕೃಷ್ಣ, ತುಳಸಿ ಗೌಡ, ನಾ. ಡಿಸೋಜ, ಸುಕ್ರಿ ಬೊಮ್ಮಗೌಡ, ಎಚ್‌.ಎಸ್‌. ವೆಂಕಟೇಶಮೂರ್ತಿ, ಬಿ. ಸರೋಜಾದೇವಿ, ಎಸ್‌.ಎಲ್‌. ಭೈರಪ್ಪ, ಸಾಲುಮರದ ತಿಮ್ಮಕ್ಕ. ಇವರ ಜೊತೆಗೆ ನಮ್ಮೂರಿನ ಆರು ಮಂದಿ. ಅವರಲ್ಲಿ ಒಬ್ಬರು ಶಾಲೆಯ ಬಿಸಿಯೂಟದ ಅಡುಗೆಯವರು. ನನ್ನ ಪ್ರಶ್ನೆಗಳು ಇಷ್ಟು: ಸವೆದ ಮಾತುಗಳಿಲ್ಲದೆ ನುಡಿನಮನವನ್ನು ಬರೆಯುವುದು ಹೇಗೆ? ವಯಸ್ಸು ಒಂದೊಂದು ಕಡೆ ಒಂದೊಂದು ತರಹ ಇರುವಾಗ ಯಾವುದನ್ನು ಹಾಕುವುದು? ಬದುಕಿದ್ದಾಗ ವಾದವಿವಾದಕ್ಕೆ ಕಾರಣರಾದವರ ಬಗ್ಗೆ ಏನು ಬರೆಯುವುದು? ನಾಡಿನವರನ್ನೂ ಊರಿನವರನ್ನೂ ಒಂದೇ ಪುಟದಲ್ಲಿ ಇಡಬಹುದೇ?

---

ಕರಡು_ತಿದ್ದುವವ ಬರೆದ ಉತ್ತರ:

ಮೂವತ್ತು ವರ್ಷ ದಿನಪತ್ರಿಕೆಯ ಸುದ್ದಿಮನೆಯಲ್ಲಿ ಕೂತು ಇಂತಹ ನೂರಾರು ಟಿಪ್ಪಣಿಗಳನ್ನು ಬರೆದವನು ಮತ್ತು ತಿದ್ದಿದವನು ನಾನು. ಆದ್ದರಿಂದ ಮೊದಲು ನನ್ನ ಕಡೆಯವರ ಪರವಾಗಿ ಒಂದು ಮಾತು. ಸಾವಿನ ಸುದ್ದಿ ರಾತ್ರಿ ಒಂಬತ್ತೂವರೆಗೆ ಬರುತ್ತದೆ, ಪುಟ ಹತ್ತೂವರೆಗೆ ಹೋಗಬೇಕು. ಆ ಒಂದು ಗಂಟೆಯಲ್ಲಿ ಕೈ ತಾನಾಗಿ ಸಿದ್ಧ ಮಾತುಗಳ ಕಡೆಗೆ ಹೋಗುತ್ತದೆ. ತುಂಬಲಾರದ ನಷ್ಟ ಎಂಬುದು ದುಃಖದಿಂದ ಹುಟ್ಟಿದ ಮಾತಲ್ಲ, ಸಮಯದ ಅಭಾವದಿಂದ ಹುಟ್ಟಿದ ಮಾತು. ನಿಮಗೆ ತಿಂಗಳುಗಟ್ಟಲೆ ಸಮಯವಿದೆ, ಆದ್ದರಿಂದ ನಮಗಿದ್ದ ಕ್ಷಮೆ ನಿಮಗಿಲ್ಲ.

ನಾನು ಕಿರಿಯರಿಗೆ ಹೇಳಿಕೊಡುತ್ತಿದ್ದ ರೀತಿ ಬಹಳ ಒರಟಾದದ್ದು. ಬರೆದಾದ ಮೇಲೆ ಗುಣವಾಚಕಗಳನ್ನೆಲ್ಲ ಹೊಡೆದುಹಾಕಿ, ಏನು ಉಳಿಯಿತು ನೋಡಿ. ಕ್ರಿಯಾಪದಗಳು ಉಳಿದಿದ್ದರೆ ವ್ಯಕ್ತಿ ಉಳಿದಿದ್ದಾರೆ. ತಿಮ್ಮಕ್ಕನವರನ್ನೇ ತೆಗೆದುಕೊಳ್ಳಿ. 2025ರ ನವೆಂಬರ್ 14ರಂದು ಅವರು ತೀರಿಕೊಂಡಾಗ ಎಲ್ಲ ಕಡೆಯೂ ವೃಕ್ಷಮಾತೆ ಎಂಬ ಬಿರುದು ಬಂತು, 385 ಆಲದ ಮರಗಳು ಎಂಬ ಸಂಖ್ಯೆ ಬಂತು, 2019ರ ಪದ್ಮಶ್ರೀ ಬಂತು. ತಪ್ಪೇನೂ ಇಲ್ಲ. ಆದರೆ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ಆ ರಸ್ತೆಯಲ್ಲಿ ಅವರೂ ಅವರ ಪತಿ ಚಿಕ್ಕಯ್ಯನವರೂ ಮೊದಲ ವರ್ಷ ಹತ್ತು ಸಸಿ ನೆಟ್ಟರು, ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ನನ್ನ ದೃಷ್ಟಿಯಲ್ಲಿ ಈ ಹತ್ತು, ಹದಿನೈದು, ಇಪ್ಪತ್ತರ ಲೆಕ್ಕ 385ಕ್ಕಿಂತ ದೊಡ್ಡದು. ಕೂಲಿ ಮಾಡಿ ಬದುಕುವ ಇಬ್ಬರು, ಕೆಲಸ ಮುಗಿಸಿ ಬಂದು, ಬಿಂದಿಗೆಯಲ್ಲಿ ನೀರು ಹೊತ್ತು ನಾಲ್ಕು ಕಿಲೋಮೀಟರ್ ಉದ್ದದ ದಾರಿಯಲ್ಲಿ ಎಷ್ಟು ಗಿಡಗಳಿಗೆ ಉಣಿಸಬಲ್ಲರು ಎಂಬ ಅಂದಾಜು ಅದರಲ್ಲಿದೆ. ದನಕರು ಬಾಯಿ ಹಾಕದಂತೆ ಮುಳ್ಳಿನ ಬೇಲಿ ಕಟ್ಟುವ ಕೆಲಸ ಬೇರೆ. ಆ ಲೆಕ್ಕ ಗೊತ್ತಾದ ಓದುಗನಿಗೆ ಬಿರುದನ್ನು ನಾವು ನೆನಪಿಸಬೇಕಾಗಿಲ್ಲ. ಹಾಗೆಯೇ, ರಸ್ತೆ ಅಗಲಗೊಳಿಸಲು ಆ ಮರಗಳಿಗೇ ಕೊಡಲಿ ಬೀಳುವ ಸಂದರ್ಭ 2019ರಲ್ಲಿ ಬಂದಾಗ, ಆ ವಯಸ್ಸಿನಲ್ಲಿ ಅವರು ಸರ್ಕಾರದ ಮುಂದೆ ಹೋಗಿ ಮರಗಳನ್ನು ಉಳಿಸಿಕೊಡಿ ಎಂದು ಕೇಳಬೇಕಾಯಿತು. ಅದು ನುಡಿನಮನದಲ್ಲಿ ಇರಲೇಬೇಕಾದ ಸಂಗತಿ. ಸನ್ಮಾನದ ಶಾಲುಗಳು ಅದನ್ನು ಮುಚ್ಚಿಬಿಡುತ್ತವೆ.

ಇನ್ನು ಪದಗಳ ವಿಚಾರ. ಸಾವನ್ನು ನೇರವಾಗಿ ಹೇಳದಿರಲು ನಮ್ಮ ಭಾಷೆಯಲ್ಲಿ ಎಷ್ಟೊಂದು ದಾರಿಗಳಿವೆ! ನಿಧನರಾದರು, ವಿಧಿವಶರಾದರು, ಅಸ್ತಂಗತರಾದರು, ಇನ್ನಿಲ್ಲವಾದರು, ಲಿಂಗೈಕ್ಯರಾದರು, ಬೃಂದಾವನಸ್ಥರಾದರು. ಒಂದೊಂದಕ್ಕೂ ಅದರದೇ ಮನೆ ಇದೆ. ಲಿಂಗೈಕ್ಯ ಎಂಬ ಪದವನ್ನು ಅದರ ನಂಬಿಕೆಯೊಳಗೆ ಬಾಳಿದವರಿಗೆ ಬಳಸಿದರೆ ಅದು ಗೌರವ. ದಿವಂಗತ ಎಂದರೆ ದಿವಕ್ಕೆ, ಸ್ವರ್ಗಕ್ಕೆ ಹೋದವರು ಎಂದರ್ಥ. ಸ್ವರ್ಗವನ್ನೇ ಒಪ್ಪದೆ ಬಾಳಿದವರ ಹೆಸರಿನ ಹಿಂದೆ ಅದನ್ನು ಅಂಟಿಸುವುದು ಅವರು ಇಲ್ಲದ ಹೊತ್ತಿನಲ್ಲಿ ಅವರ ಜೊತೆ ವಾದಕ್ಕಿಳಿದಂತೆ. 2019ರ ಜೂನ್ 10ರಂದು ಗಿರೀಶ ಕಾರ್ನಾಡರು ತೀರಿಕೊಂಡಾಗ, ಅವರ ಇಚ್ಛೆಯಂತೆ ಕುಟುಂಬದವರು ಸರ್ಕಾರಿ ಗೌರವವನ್ನೂ ಬೇಡವೆಂದರು, ವಿಧಿವಿಧಾನಗಳನ್ನೂ ಬೇಡವೆಂದರು. ಬೆಂಗಳೂರಿನ ಕಲ್ಪಳ್ಳಿಯ ಚಿತಾಗಾರದಲ್ಲಿ ಸದ್ದಿಲ್ಲದೆ ಅಂತ್ಯಕ್ರಿಯೆ ನಡೆಯಿತು. ಅಂಥವರ ಬಗ್ಗೆ ಬರೆಯುವಾಗ ಆತ್ಮಕ್ಕೆ ಚಿರಶಾಂತಿಯನ್ನು ಕೋರುವ ಮೊದಲು ಒಮ್ಮೆ ಯೋಚಿಸಬೇಕು. ನನಗೆ ಎಲ್ಲಕ್ಕಿಂತ ಹಿಡಿಸುವುದು ಹಳ್ಳಿಯ ‘ತೀರಿಕೊಂಡರು’. ಸಾಲವೂ ತೀರುತ್ತದೆ, ಕೆಲಸವೂ ತೀರುತ್ತದೆ, ಬಾಯಾರಿಕೆಯೂ ತೀರುತ್ತದೆ. ಆ ಎಲ್ಲ ಅರ್ಥಗಳನ್ನೂ ಆ ಪದ ಸದ್ದಿಲ್ಲದೆ ಹೊತ್ತುಕೊಂಡಿದೆ.

ವಯಸ್ಸಿನ ಬಗ್ಗೆ: ನಮ್ಮ ಹಿರಿಯರಲ್ಲಿ ಅರ್ಧಕ್ಕರ್ಧ ಮಂದಿ ಜೂನ್ 1ರಂದು ಹುಟ್ಟಿದವರು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಕೈಯನ್ನು ತಲೆಯ ಮೇಲಿಂದ ದಾಟಿಸಿ ಇನ್ನೊಂದು ಕಿವಿಯನ್ನು ಮುಟ್ಟಿಸಿ, ಮುಟ್ಟಿದರೆ ಆರು ವರ್ಷ ಆಗಿದೆ ಎಂದು ಬರೆದುಕೊಂಡ ತಾರೀಖು ಅದು. ಶಾಲೆಯ ಮುಖವನ್ನೇ ಕಾಣದವರಿಗೆ ಅದೂ ಇಲ್ಲ. ಪ್ಲೇಗು ಬಂದ ವರ್ಷ, ಕೆರೆ ಒಡೆದ ವರ್ಷ ಎಂಬ ಗುರುತು ಮಾತ್ರ. ಮನೆಯವರು ಹೇಳುವುದು ಒಂದು, ಆಧಾರ್ ಕಾರ್ಡಿನಲ್ಲಿರುವುದು ಇನ್ನೊಂದು ಆದರೆ, ‘ಮನೆಯವರ ಲೆಕ್ಕದಲ್ಲಿ ತೊಂಬತ್ತು’ ಎಂದೇ ಬರೆಯಿರಿ. ಅದರಿಂದ ಟಿಪ್ಪಣಿಯ ಘನತೆಯೇನೂ ಕಡಿಮೆಯಾಗುವುದಿಲ್ಲ.

---

ಗಂಗಾವಳಿ_ದಂಡೆ ಬರೆದ ಉತ್ತರ:

ನಮ್ಮ ಅಂಕೋಲೆಯ ಇಬ್ಬರು ನಿಮ್ಮ ಪಟ್ಟಿಯಲ್ಲಿದ್ದಾರೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರ್ 16ರಂದು, ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿ 13ರಂದು ತೀರಿಕೊಂಡರು. ಒಂದೇ ತಾಲ್ಲೂಕು, ಒಂದೇ ಹಾಲಕ್ಕಿ ಒಕ್ಕಲಿಗ ಸಮುದಾಯ, ಇಬ್ಬರೂ ಪದ್ಮಶ್ರೀ ಪಡೆದವರು, ಎರಡು ಸಾವುಗಳ ನಡುವೆ ಎರಡು ತಿಂಗಳೂ ಇರಲಿಲ್ಲ.

ಹೊರಗಿನವರು ತುಳಸಿ ಗೌಡರ ಬಗ್ಗೆ ಬರೆದದ್ದನ್ನೆಲ್ಲ ಓದಿದಾಗ ನನಗೆ ಕಂಡದ್ದು ಒಂದು ವಿಚಿತ್ರ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಅವರು ಬರಿಗಾಲಿನಲ್ಲಿ, ತಮ್ಮ ಎಂದಿನ ಉಡುಗೆಯಲ್ಲಿ, ಕೊರಳ ತುಂಬ ಮಣಿಸರಗಳೊಂದಿಗೆ ನಡೆದು ಹೋದ ಚಿತ್ರ ಎಲ್ಲರ ಕಣ್ಣಿನಲ್ಲಿ ಕೂತುಬಿಟ್ಟಿದೆ. ಹಾಗಾಗಿ ಬರೆದವರೆಲ್ಲ ಅವರ ಪಾದಗಳ ಬಗ್ಗೆ ಬರೆದರು. ಬರಿಗಾಲು ನಮ್ಮ ಕಡೆಯ ಹಾಲಕ್ಕಿ ಹಿರಿಯರಿಗೆ ವಿಶೇಷವೇನೂ ಅಲ್ಲ. ಬರೆಯಬೇಕಾದದ್ದು ಕೈಗಳ ಬಗ್ಗೆ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದಿನಗೂಲಿಯವರಾಗಿ ದುಡಿದು, ಆಮೇಲೆ ಕಾಯಂ ಆದವರು ಅವರು. ಒಂದು ಜಾತಿಯ ಮರಗಳ ನಡುವೆ ತಾಯಿಮರ ಯಾವುದು, ಅದರ ಬೀಜ ಬಲಿಯುವ ಹೊತ್ತು ಯಾವುದು, ಯಾವ ಬೀಜ ಹೇಗೆ ಮೊಳೆಯುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಓದಿ ಪಾಸಾಗಿ ಬಂದ ಅಧಿಕಾರಿಗಳು ಅವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ‘ಕಾಡಿನ ವಿಶ್ವಕೋಶ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಆ ವಿಶ್ವಕೋಶದ ಒಂದು ಪುಟವನ್ನೂ ತೆರೆದಂತಾಗುವುದಿಲ್ಲ. ಅನಕ್ಷರಸ್ಥೆ ಎಂಬ ಪದವನ್ನು ಮೊದಲ ಸಾಲಿನಲ್ಲೇ ಇಡುವ ಅಭ್ಯಾಸವಂತೂ ನನಗೆ ಸರಿಕಾಣುವುದಿಲ್ಲ. ಒಬ್ಬರಿಗೆ ಏನು ಬರುತ್ತಿರಲಿಲ್ಲ ಎಂಬುದರಿಂದ ಅವರ ನೆನಪನ್ನು ಏಕೆ ಆರಂಭಿಸಬೇಕು?

ಸುಕ್ರಿಯವರದು ಬೇರೆ ತೊಡಕು. ಅವರನ್ನು ಜಾನಪದ ಕೋಗಿಲೆ ಎಂದರು. ಕೋಗಿಲೆ ಒಂಟಿಯಾಗಿ ಕೂಗುತ್ತದೆ. ಹಾಲಕ್ಕಿ ಹೆಂಗಸರ ಹಾಡು ಒಂಟಿಯದಲ್ಲ. ನೆಟ್ಟಿಯ ಗದ್ದೆಯಲ್ಲಿ, ಮದುವೆಯ ಚಪ್ಪರದಲ್ಲಿ ಒಬ್ಬರು ಎತ್ತಿದ್ದನ್ನು ಉಳಿದವರು ಹಿಡಿಯುತ್ತಾರೆ. ಅಂಥ ಹಾಡುಗಳನ್ನು ಸಾವಿರಗಟ್ಟಲೆ ನೆನಪಿನಲ್ಲಿಟ್ಟುಕೊಂಡಿದ್ದವರು ಸುಕ್ರಿ. ಜೊತೆಗೆ, ಸಾರಾಯಿಯಿಂದ ಮನೆಗಳು ಹಾಳಾಗುವುದನ್ನು ಕಂಡು ಅದರ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. ಹಾಡನ್ನು ಮಾತ್ರ ಬರೆದು ಹೋರಾಟವನ್ನು ಬಿಟ್ಟರೆ ಅವರನ್ನು ಅರ್ಧ ಮಾತ್ರ ನೆನೆದಂತೆ.

ಸುಕ್ರಿಯವರು ಹೋದ ತಿಂಗಳಿನಲ್ಲೇ ನನ್ನ ಅಜ್ಜಿಯ ಕೇರಿಯ ಒಬ್ಬ ಹಿರಿಯಳೂ ತೀರಿಕೊಂಡಳು. ಅವಳೂ ಅವೇ ಹಾಡುಗಳನ್ನು ಹಾಡುತ್ತಿದ್ದಳು, ಯಾರೂ ಧ್ವನಿಮುದ್ರಿಸಿಕೊಳ್ಳಲಿಲ್ಲ. ಅವಳ ಬಗ್ಗೆ ಆರು ಸಾಲು ಬರೆಯೋಣವೆಂದು ಕೂತಾಗ ಮೊದಲು ನೆನಪಿಗೆ ಬಂದದ್ದು ಗುಣಗಳಲ್ಲ. ಬಾವಿಯಿಂದ ಬರುವಾಗ ಹಾಡು ಬಾಯಲ್ಲಿದ್ದರೆ ಅದು ಮುಗಿಯುವವರೆಗೆ ಅವಳು ಕೊಡವನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ. ಅಂಗಳದಲ್ಲೇ ನಿಂತು, ಕಡೆಯ ಸಾಲು ಮುಗಿಸಿ, ಆಮೇಲೆ ಒಳಗೆ ಹೋಗುತ್ತಿದ್ದಳು. ನಿಮ್ಮ ಹಲಗೆಯವರ ಮಗಳನ್ನು ಕೇಳಿ ನೋಡಿ, ಅವಳಿಗೂ ಇಂತಹ ಒಂದು ನೆನಪಿರುತ್ತದೆ.

---

ಶರಾವತಿ_ಹಿನ್ನೀರು ಬರೆದ ಉತ್ತರ:

ಕರಡು ತಿದ್ದುವವರು ಹೇಳಿದ್ದಕ್ಕೆ ನನ್ನದೊಂದು ತಕರಾರಿದೆ. ಗುಣವಾಚಕಗಳನ್ನೆಲ್ಲ ಹೊಡೆದುಹಾಕಿದರೆ ಕೆಲವೊಮ್ಮೆ ಉಳಿಯುವುದು ಬಯೋಡೇಟಾ. ಇಂಥ ವರ್ಷ ಈ ಹುದ್ದೆ, ಇಂಥ ವರ್ಷ ಆ ಪ್ರಶಸ್ತಿ. ಅದೂ ಬೆಂಕಿಪೊಟ್ಟಣದ ಪರೀಕ್ಷೆಯಲ್ಲಿ ಸೋಲುತ್ತದೆ. ಎಚ್‌.ಎಸ್‌. ವೆಂಕಟೇಶಮೂರ್ತಿಯವರು 2025ರ ಮೇ 30ರಂದು ತೀರಿಕೊಂಡಾಗ, ಅವರು 2020ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು ಎಂದು ಎಲ್ಲರೂ ಬರೆದರು. ಅದನ್ನು ಓದಿದವರು ಎಷ್ಟು ಮಂದಿ ಅದರಿಂದಾಗಿ ಅವರನ್ನು ನೆನೆದರೋ ಕಾಣೆ. ಅವರ ಸಾಲುಗಳನ್ನು ಯಾರು ಬರೆದದ್ದೆಂದು ಗೊತ್ತಿಲ್ಲದೆಯೇ ಭಾವಗೀತೆಯಾಗಿ ಗುನುಗಿದ ಮನೆಗಳು ಮಾತ್ರ ಬಹಳ. ಬರೆಯುವವರು ಆ ವ್ಯಕ್ತಿಗೂ ತಮಗೂ ಇರುವ ದಾರಿಯನ್ನು ತೋರಿಸಬೇಕು.

ನನ್ನ ದಾರಿ ನಾ. ಡಿಸೋಜ ಅವರ ಮೂಲಕ ಹೋಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ನನ್ನ ಅಜ್ಜನ ಮನೆ, ತೋಟ, ಮನೆದೇವರ ಗುಡಿ ಎಲ್ಲ ಮುಳುಗಿದವು. ನಮ್ಮ ಕಡೆ ಇದಕ್ಕೆ ಮುಳುಗಡೆ ಎಂದೇ ಹೆಸರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಆ ಯೋಜನೆಯ ಪ್ರದೇಶದಲ್ಲೇ ಕೆಲಸ ಮಾಡಿದ ಡಿಸೋಜ ಅವರು ಕಡತಗಳಲ್ಲಿ ಸಂಖ್ಯೆಗಳಾಗಿ ಬರುತ್ತಿದ್ದ ಕುಟುಂಬಗಳನ್ನು ಕಾದಂಬರಿಗಳಲ್ಲಿ ಮನುಷ್ಯರನ್ನಾಗಿ ಮಾಡಿದರು. ಇಡೀ ನಾಡಿಗೆ ಬೆಳಕು ಬಂದ ಕಥೆಯನ್ನು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ, ಆ ಬೆಳಕಿಗಾಗಿ ಕತ್ತಲಾದ ಮನೆಗಳ ಕಥೆಯನ್ನು ಅವರು ಬರೆದರು. 2025ರ ಜನವರಿ 5ರಂದು ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಅಮ್ಮ, ಜೀವಮಾನದಲ್ಲಿ ನಾಲ್ಕಾರು ಪುಸ್ತಕ ಓದಿದವರು, ‘ನಮ್ಮ ಮನೆ ಎಲ್ಲಿತ್ತು ಅಂತ ಗೊತ್ತಿದ್ದೋರು ಇನ್ನೊಬ್ಬರು ಹೋದರು’ ಎಂದರು. ಈ ಮಾತನ್ನು ನಾನು ನನ್ನ ಟಿಪ್ಪಣಿಯಲ್ಲಿ ಹಾಗೆಯೇ ಇಟ್ಟೆ. ಅದರಲ್ಲಿ ಗುಣವಾಚಕವಿಲ್ಲ, ಸಾಧನೆಯ ಪಟ್ಟಿಯೂ ಇಲ್ಲ.

ನಿಮ್ಮ ಮೂರನೆಯ ಪ್ರಶ್ನೆ, ಅಂದರೆ ವಿವಾದಕ್ಕೆ ಸಿಕ್ಕಿದವರ ಬಗ್ಗೆ ಏನು ಬರೆಯುವುದು ಎಂಬುದು, ಈ ಸಲ ಬಹುಮಟ್ಟಿಗೆ ಭೈರಪ್ಪನವರದೇ ಪ್ರಶ್ನೆ ಎಂದು ನಾನು ಭಾವಿಸುತ್ತೇನೆ. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎಂಬುದು ನಮ್ಮಲ್ಲಿ ರೂಢಿ. ಆದರೆ ಆಡದೆ ಬಿಡುವುದೂ ಒಂದು ಬಗೆಯ ಸುಳ್ಳಾಗಬಹುದು. 2025ರ ಸೆಪ್ಟೆಂಬರ್ 24ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ, ಮೈಸೂರಿನಲ್ಲಿ ಸಕಲ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆದಾಗ, ಕೆಲವರು ವಿವಾದವೇ ನಡೆದಿಲ್ಲವೆಂಬಂತೆ ಬರೆದರು, ಇನ್ನು ಕೆಲವರು ವಿವಾದ ಬಿಟ್ಟು ಅವರು ಬೇರೇನೂ ಬರೆದಿಲ್ಲವೆಂಬಂತೆ ಬರೆದರು. ಅವರ ಕಾದಂಬರಿಗಳನ್ನು ಕನ್ನಡದಲ್ಲಿ ಕಾದು ಕೊಂಡು ಓದಿದವರು ಎಷ್ಟೋ ಮಂದಿ. ಮರಾಠಿ, ಹಿಂದಿ ಓದುಗರು ಅವರನ್ನು ತಮ್ಮದೇ ಲೇಖಕರೆಂಬಂತೆ ಓದಿದರು. ಇತಿಹಾಸ ಮತ್ತು ಧರ್ಮವನ್ನು ಅವರು ನಿರೂಪಿಸಿದ ಬಗೆಯನ್ನು ಕನ್ನಡದ ದೊಡ್ಡ ಲೇಖಕರೇ, ಅವರಲ್ಲಿ ಯು.ಆರ್‌. ಅನಂತಮೂರ್ತಿಯವರೂ ಒಬ್ಬರು, ಬಹಿರಂಗವಾಗಿ ವಿರೋಧಿಸಿದರು. ಎರಡನ್ನೂ ಒಂದೊಂದು ಸಾಲಿನಲ್ಲಿ, ಬೈಯದೆ, ಬೆಣ್ಣೆ ಹಚ್ಚದೆ ಬರೆಯಬಹುದು. ಆಮೇಲೆ, ಯಾವ ಕಡೆಯವರೂ ಅಲ್ಲಗಳೆಯಲಾಗದ ಒಂದು ಸಂಗತಿಯ ಮುಂದೆ ನಿಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಬಡತನ ಮತ್ತು ಪ್ಲೇಗಿನ ನಡುವೆ ಬೆಳೆದ ಹುಡುಗ, ಸತ್ತ ತಮ್ಮನ ದೇಹವನ್ನು ತಾನೇ ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದನೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವರ ಅಭಿಪ್ರಾಯಗಳನ್ನು ಕೊನೆಯವರೆಗೂ ಒಪ್ಪದ ನಾನು ಆ ಪುಟದ ಮುಂದೆ ಮಾತ್ರ ಯಾವಾಗಲೂ ಮೌನವಾಗಿ ಕೂತಿದ್ದೇನೆ. ಸಾವನ್ನು ಅಷ್ಟು ನೇರವಾಗಿ ಹೇಳಿದ ಲೇಖಕರ ಬಗ್ಗೆ ತುಂಬಲಾರದ ನಷ್ಟ ಎಂದು ಬರೆಯಲು ಕೈಯಾದರೂ ಹೇಗೆ ಬರುತ್ತದೆ?

---

ಹಸಿರುಮಾರ್ಗ_ಪ್ರಯಾಣಿಕ ಬರೆದ ಉತ್ತರ:

ನಾನು ಅಪರ್ಣಾ ಅವರ ಬಗ್ಗೆ ಮಾತ್ರ ಹೇಳುತ್ತೇನೆ. 1984ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರದಿಂದ ಅವರ ಬಣ್ಣದ ಬದುಕು ಆರಂಭವಾಯಿತು, ದೂರದರ್ಶನದಲ್ಲಿ ನಿರೂಪಕಿಯಾದರು, ಶ್ವಾಸಕೋಶದ ಕ್ಯಾನ್ಸರಿನಿಂದ 2024ರ ಜುಲೈ 11ರಂದು ತೀರಿಕೊಂಡರು. ಇದು ಎಲ್ಲರೂ ಬರೆದದ್ದು. ಆ ರಾತ್ರಿ ಸುದ್ದಿ ಓದಿ, ಮರುದಿನ ಬೆಳಿಗ್ಗೆ ಎಂದಿನಂತೆ ನಮ್ಮ ಮೆಟ್ರೊ ಹತ್ತಿದೆ. ಬಾಗಿಲು ಮುಚ್ಚಿತು, ಮುಂದಿನ ನಿಲ್ದಾಣ ಯಾವುದೆಂದು ಅವರದೇ ದನಿ ಹೇಳಿತು. ಎದುರಿಗೆ ಕೂತಿದ್ದ ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು ತಲೆ ಎತ್ತಿದಳು. ನನ್ನ ಪಕ್ಕದವರೂ ತಲೆ ಎತ್ತಿದರು. ಒಬ್ಬರನ್ನೊಬ್ಬರು ನೋಡಿ ಮತ್ತೆ ತಲೆ ತಗ್ಗಿಸಿದೆವು. ಒತ್ತಕ್ಷರವನ್ನು ನುಂಗದೆ, ಮಹಾಪ್ರಾಣವನ್ನು ಬಿಡದೆ, ಅವಸರವಿಲ್ಲದೆ ಹೇಳಿದ ಆ ಕನ್ನಡವನ್ನು ಎಷ್ಟೋ ಮಂದಿ ಹೊರರಾಜ್ಯದವರು ಅವರ ಹೆಸರು ತಿಳಿಯದೆಯೇ ದಿನಕ್ಕೆರಡು ಬಾರಿ ಕೇಳಿದ್ದಾರೆ.

ಹೀಗಾಗಿ ನನ್ನ ಸಲಹೆ: ಅಗಲಿದವರು ಇನ್ನೂ ಎಲ್ಲಿ ಸಿಗುತ್ತಾರೆ ಎಂಬುದನ್ನು ಹುಡುಕಿ ಬರೆಯಿರಿ. ಸರೋಜಾದೇವಿಯವರು 2025ರ ಜುಲೈ 14ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ಹೋದಾಗಲೂ ಹಾಗೆಯೇ. ಪುನೀತರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ಆ ಬಳಿಕ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ನಿಮ್ಮೂರಿನ ಆರು ಮಂದಿಯಲ್ಲಿ ಯಾರಾದರೂ ನೆಟ್ಟ ಮರ, ಕಟ್ಟಿದ ಕಟ್ಟೆ, ಕಲಿಸಿದ ಕಸುಬು ಇದ್ದೇ ಇರುತ್ತದೆ.

---

ಓದುಕೋಣೆ_ಕೊಪ್ಪಳ ಮತ್ತೆ ಬರೆದದ್ದು:

ಎಲ್ಲರಿಗೂ ವಂದನೆಗಳು. ನಾಲ್ಕು ದಿನ ಇವನ್ನೆಲ್ಲ ಬಳಗದಲ್ಲಿ ಓದಿ ಚರ್ಚಿಸಿದೆವು. ಮೊದಲ ಪುಟ, ಕಡೆಯ ಪುಟ ಎಂಬುದನ್ನು ಬಿಟ್ಟು, ತೀರಿಕೊಂಡ ತಾರೀಖಿನ ಕ್ರಮದಲ್ಲೇ ಎಲ್ಲರನ್ನೂ ಇಡೋಣವೆಂದು ಒಬ್ಬರು ಹೇಳಿದರು. ಹಾಗೆ ಜೋಡಿಸಿದಾಗ, ನಾವು ಎಣಿಸಿರದ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಸ್‌.ಎಂ. ಕೃಷ್ಣ ಅವರು ಹೋದದ್ದು 2024ರ ಡಿಸೆಂಬರ್ 10ರಂದು. ನಮ್ಮ ಶಾಲೆಯ ಅಡುಗೆಯವರು ಹೋದದ್ದು ಅದೇ ವಾರ. ಇಬ್ಬರೂ ಅಕ್ಕಪಕ್ಕ ಬಂದರು, ಅವರ ನಂತರ ತುಳಸಿ ಗೌಡರು.

ಕೃಷ್ಣ ಅವರ ಬಗ್ಗೆ ನಾನು ಬರೆದ ಹಳೆಯ ಕರಡಿನಲ್ಲಿ ಮುತ್ಸದ್ದಿ, ದೂರದೃಷ್ಟಿಯ ನಾಯಕ ಎಂದೆಲ್ಲ ಇತ್ತು. ಅದನ್ನು ಹರಿದು ಹಾಕಿ ಹೀಗೆ ಬರೆದೆ: ‘1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದರು. ಅವರ ಕಾಲದಲ್ಲಿ ಭೂಮಿ ಯೋಜನೆ ಬಂತು. ಅಲ್ಲಿಯವರೆಗೆ ಪಹಣಿಗಾಗಿ ಶಾನುಭೋಗರ ಹಿಂದೆ ತಿರುಗುತ್ತಿದ್ದ ನಮ್ಮ ರೈತರು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ಅಚ್ಚಾದ ಪಹಣಿಯನ್ನು ಕೈಗೆ ತೆಗೆದುಕೊಂಡರು. 2002ರ ಜೂನ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿ ಮೊದಲು ಅಕ್ಷರ ದಾಸೋಹವನ್ನು ಆರಂಭಿಸಿ, ಮಕ್ಕಳಿಗೆ ಬಿಸಿಯೂಟ ನೀಡಿದರು.’

ಅದರ ಕೆಳಗೆ ಅಡುಗೆಯವರದು: ‘ನಮ್ಮ ಶಾಲೆಯಲ್ಲಿ ಬಿಸಿಯೂಟದ ಮೊದಲ ದಿನ ಒಲೆ ಹಚ್ಚಿದವರು ಇವರೇ. ಇಪ್ಪತ್ತೆರಡು ವರ್ಷ ಹಚ್ಚಿದರು. ಸಾರು ಇಳಿಸುವ ಮೊದಲು ಉಪ್ಪು ನೋಡಲು ದಿನಕ್ಕೊಬ್ಬ ಮಗುವನ್ನು ಅಡುಗೆಮನೆಗೆ ಕರೆಯುತ್ತಿದ್ದರು. ಅಂಗೈ ಮೇಲೆ ಒಂದು ಸೌಟಿನ ತುದಿಯಷ್ಟು ಸಾರು ಹಾಕಿ, ಆರಲು ಊದಿ, ಮಗು ಸರಿ ಎಂದ ಮೇಲೆಯೇ ಪಾತ್ರೆ ಇಳಿಸುತ್ತಿದ್ದರು. ತನ್ನ ಸರದಿ ಎಂದು ಬರುತ್ತದೆಂದು ಕಾಯುತ್ತ ಶಾಲೆ ತಪ್ಪಿಸದ ಮಕ್ಕಳು ಈ ಊರಿನಲ್ಲಿ ಈಗ ತಂದೆ ತಾಯಿಗಳಾಗಿದ್ದಾರೆ.’

ಹೇಗಿದೆ, ಹೇಳಿ. ಕೃಷ್ಣ ಅವರದಕ್ಕಿಂತ ಅಡುಗೆಯವರದೇ ಉದ್ದವಾಯಿತೆಂದು ಒಬ್ಬರು ಆಕ್ಷೇಪಿಸಿದ್ದಾರೆ.

---

ಕರಡು_ತಿದ್ದುವವ ಬರೆದ ಉತ್ತರ:

ಉದ್ದವಾಗಲಿ ಬಿಡಿ. ಕೃಷ್ಣ ಅವರ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ. ಅಡುಗೆಯವರ ಬಗ್ಗೆ ಬರೆಯುವುದು ನೀವೊಬ್ಬರೇ. ಶರಾವತಿ ಹಿನ್ನೀರಿನವರು ನನ್ನನ್ನು ತಿದ್ದಿದ್ದು ಸರಿಯಾಗಿದೆ, ಅವರ ಅಮ್ಮನ ಮಾತನ್ನು ಓದಿದ ಮೇಲೆ ವಾದ ಮಾಡಲು ಮನಸ್ಸಾಗಲಿಲ್ಲ.

ಒಂದು ತಿದ್ದುಪಡಿ ಮಾತ್ರ ಅಗತ್ಯ. ದೊಡ್ಡವರ ಬಗ್ಗೆ ಬರೆಯುವಾಗ ಅವರ ಕಾಲದಲ್ಲಿ ನಡೆದದ್ದನ್ನೆಲ್ಲ ಅವರ ಕೈಯಿಂದಲೇ ನಡೆದದ್ದೆಂದು ಬರೆದುಬಿಡುತ್ತೇವೆ. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತ್ತು. ಆದ್ದರಿಂದ ‘ನೀಡಿದರು’ ಎಂಬುದನ್ನು ತೆಗೆದು, ‘ಸುಪ್ರೀಂ ಕೋರ್ಟಿನ ಆದೇಶದ ಬಳಿಕ ಅವರ ಸರ್ಕಾರ ಆರಂಭಿಸಿತು’ ಎಂದು ಮಾಡಿ. ಭೂಮಿ ಯೋಜನೆಯ ಹಿಂದೆಯೂ ಅಧಿಕಾರಿಗಳ, ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ನೌಕರರ ದುಡಿಮೆ ಇದೆ. ನಿಮ್ಮ ವಾಕ್ಯ ‘ಅವರ ಕಾಲದಲ್ಲಿ ಬಂತು’ ಎಂದಿರುವುದರಿಂದ ಅಲ್ಲಿ ತಪ್ಪಿಲ್ಲ. ಅಡುಗೆಯವರ ಟಿಪ್ಪಣಿಯಲ್ಲಿ ಕಡೆಯ ವಾಕ್ಯ ಸ್ವಲ್ಪ ಸಿಹಿಯಾಯಿತು. ಪಾತ್ರೆ ಇಳಿಸಿದಲ್ಲಿಗೇ ನಿಲ್ಲಿಸಿ.

---

ಓದುಕೋಣೆ_ಕೊಪ್ಪಳ ಮತ್ತೆ ಬರೆದದ್ದು:

ಎರಡನ್ನೂ ತಿದ್ದಿದ್ದೇನೆ. ಕಡೆಯ ವಾಕ್ಯವನ್ನು ತೆಗೆಯುವಾಗ ಹೊಟ್ಟೆ ಉರಿಯಿತು, ಆದರೂ ತೆಗೆದೆ. ಅಡುಗೆಯವರ ಭಾವಚಿತ್ರ ಮನೆಯಲ್ಲಿ ಒಂದೂ ಇರಲಿಲ್ಲ. ಶಾಲೆಯ ಒಂದು ವಾರ್ಷಿಕೋತ್ಸವದ ಗುಂಪುಚಿತ್ರದಲ್ಲಿ ಹಿಂದಿನ ಸಾಲಿನ ತುದಿಗೆ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿರುವುದು ಸಿಕ್ಕಿದೆ. ಅದನ್ನೇ ಹಾಕುತ್ತೇವೆ.

ಹಳೆಯ ಸಂಚಿಕೆಯಲ್ಲಿ ತಾರೀಖು ಮಾತ್ರ ಬಂದಿದ್ದ ಹಲಗೆಯವರನ್ನೂ ಈ ಸಲ ಸೇರಿಸಿಕೊಳ್ಳಲು ಬಳಗ ಒಪ್ಪಿದೆ. ನಾಳೆ ಅವರ ಮಗಳ ಮನೆಗೆ ಹೋಗುತ್ತಿದ್ದೇನೆ. ಶವಯಾತ್ರೆಯಲ್ಲಿ ಬಾರಿಸುವ ಪೆಟ್ಟಿಗೂ ಅಲಾಯಿಯ ಪೆಟ್ಟಿಗೂ ಏನು ವ್ಯತ್ಯಾಸ, ಅವರನ್ನು ಹೊತ್ತೊಯ್ದ ದಿನ ಹಲಗೆ ಬಾರಿಸಿದವರು ಯಾರು, ಅವರ ಹಲಗೆ ಈಗ ಯಾರ ಹತ್ತಿರ ಇದೆ, ಇಷ್ಟನ್ನು ಕೇಳಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.